ಜಗ್ಗಿದರೂ ಬಾರದ ಹ್ಯಾಂಡಲ್: ಹುಬ್ಬಳ್ಳಿಯ ಒಂದು ಕ್ಯಾರವಾನಿನ ಹೊಲಸು ಟ್ಯಾಂಕ್ ವಾಲ್ವ್

ಈ ಬರಹ ಒಂದು ಗಾಡಿಯ ಒಂದು ವಾಲ್ವ್ ಬಗ್ಗೆ. ಗಾಡಿ ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆಯ ಅಂಗಳದಲ್ಲಿ ನಿಲ್ಲುವ ಕ್ಯಾರವಾನ್. ಟೆಂಪೊ ಟ್ರಾವೆಲರ್ ಚಾಸಿ ಮೇಲೆ ಕಟ್ಟಿದ ಬಾಡಿ. ಒಳಗೆ ನಾಲ್ಕು ಜನ ಮಲಗಬಹುದು. ಸಣ್ಣ ಅಡುಗೆ ಕಟ್ಟೆ, ಹಿಂದಿನ ಮೂಲೆಯಲ್ಲಿ ಸಂಡಾಸ್ ಮತ್ತು ಶವರ್. ಮಾಲೀಕರು ನಿವೃತ್ತ ದಂಪತಿ, ನನಗೆ ಕಾಕಾ, ಕಾಕು. ಗೋಕರ್ಣ, ಹಂಪಿ, ಬಾದಾಮಿ ಅಂತ ಬಿಡುವಾದಾಗಲೆಲ್ಲ ಹೊರಡುತ್ತಾರೆ. ನಾನು ಗೋಕುಲ ರಸ್ತೆ ಕಡೆ ಬಸ್ಸು, ಟೆಂಪೊಗಳ ಬಾಡಿ ಮತ್ತು ಒಳಗಿನ ಫಿಟಿಂಗ್ ಕೆಲಸ ಮಾಡುವವನು.

ಗಾಡಿಯ ಕೆಳಗೆ ಎರಡು ಟ್ಯಾಂಕ್. ಒಂದು ಸಂಡಾಸಿನದು, ಸುಮಾರು 80 ಲೀಟರ್. ಇನ್ನೊಂದು ಬಚ್ಚಲು ಮತ್ತು ಸಿಂಕಿನದು, ಅದು ಸ್ವಲ್ಪ ದೊಡ್ಡದು. ಈ ಕೆಲಸದವರು ಒಂದನ್ನು ಬ್ಲ್ಯಾಕ್ ಟ್ಯಾಂಕ್, ಇನ್ನೊಂದನ್ನು ಗ್ರೇ ಟ್ಯಾಂಕ್ ಅನ್ನುತ್ತಾರೆ. ಕಾಕಾ ಸಂಡಾಸದ ಟ್ಯಾಂಕು, ಬಚ್ಚಲ ಟ್ಯಾಂಕು ಅಂತಲೇ ಕರೆಯುತ್ತಾರೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಎರಡಕ್ಕೂ ಒಂದೊಂದು ಗೇಟ್ ವಾಲ್ವ್. ಸಂಡಾಸಿನದು 3 ಇಂಚು, ಬಚ್ಚಲಿನದು ಒಂದೂವರೆ ಇಂಚು. ವಾಲ್ವ್‌ಗಳು ಹೊರದೇಶದವು, ಹಿಂದಿನ ಮಾಲೀಕರ ಕಾಲದಲ್ಲಿ ಹಾಕಿಸಿದ್ದು.

ಗೋಕರ್ಣದಿಂದ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ ದಾಟಿ ಮನೆಗೆ ಬಂದ ಮೇಲೆ ಟ್ಯಾಂಕ್ ಖಾಲಿ ಮಾಡಲು ಕೂತಾಗ ಹ್ಯಾಂಡಲ್ ಬರಲಿಲ್ಲ. ಕಾಕಾ ಫೋನ್‌ನಲ್ಲಿ ಹೇಳಿದ್ದಿಷ್ಟು: “ತಮ್ಮಾ, ಸಂಡಾಸದ ಟ್ಯಾಂಕಿನ ಹ್ಯಾಂಡಲ್ ಜಗ್ಗಿದ್ರೂ ಬರವಲ್ದು. ಟ್ಯಾಂಕ್ ತುಂಬೇತಿ. ಇನ್ನೂ ಜೋರ್ ಜಗ್ಗಲೇನು?”

“ಜಗ್ಗಬ್ಯಾಡ್ರಿ ಕಾಕಾ, ಹಂಗ ಬಿಡ್ರಿ” ಅಂದೆ.

ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಪಕ್ಕದ ಮನೆಯವರು ಒಂದು ಉಪಾಯ ಮಾಡಿದ್ದರು. ವಾಷಿಂಗ್ ಸೆಂಟರಿನ ಹುಡುಗನೊಬ್ಬನನ್ನು ಕರೆಸಿ ನಿಲ್ಲಿಸಿದ್ದರು. ಹೊರಗಿನ ಪೈಪಿನ ಮುಚ್ಚಳ ಬಿಚ್ಚಿ, ಒಳಗೆ ಕೈ ಹಾಕಿ ಸ್ಕ್ರೂಡ್ರೈವರಿನಿಂದ ಬ್ಲೇಡ್ ಎಬ್ಬಿಸುವುದು ಅವರ ಯೋಚನೆ. ಹುಡುಗನೂ ಒಪ್ಪಿದ್ದ, ಕೈಗೆ ಗ್ಲೌಸ್ ಕೂಡ ಇರಲಿಲ್ಲ.

ನಾನು ಈ ಪ್ರಕರಣ ಬರೆಯಲು ಮುಖ್ಯ ಕಾರಣವೇ ಆ ಹುಡುಗ. ಟ್ಯಾಂಕ್ ಖಾಲಿ ಇದ್ದಾಗ, ವಾಲ್ವ್ ಸುಸೂತ್ರ ಇದ್ದಾಗ ಅದನ್ನು ನೋಡಿಕೊಳ್ಳುವುದು ಮಾಲೀಕರ ಕೆಲಸ. ಅದನ್ನು ಬಿಟ್ಟರೆ ತುಂಬಿದ ಟ್ಯಾಂಕಿನ ಎದುರು ಬೇರೆ ಯಾರದೋ ಕೈ ಹೋಗುತ್ತದೆ. ಸರಳ ಲೆಕ್ಕ ಹೇಳುತ್ತೇನೆ. ಟ್ಯಾಂಕಿನಲ್ಲಿ ಒಂದು ಅಡಿ ಎತ್ತರ ಹೊಲಸು ನಿಂತಿದೆ ಅಂದುಕೊಳ್ಳಿ. 3 ಇಂಚಿನ ವಾಲ್ವ್ ಒಮ್ಮೆಲೇ ತೆರೆದರೆ 80 ಲೀಟರ್ ಅರ್ಧ ನಿಮಿಷದೊಳಗೆ ಹೊರಗೆ ಬರುತ್ತದೆ. ಎದುರಿಗೆ ಮುಖ ಇಟ್ಟುಕೊಂಡು ಕೂತವನಿಗೆ ಹಿಂದೆ ಸರಿಯಲು ಸಮಯವೇ ಸಿಗುವುದಿಲ್ಲ. ಮೇಲಾಗಿ ಮುಚ್ಚಿದ ಟ್ಯಾಂಕಿನಲ್ಲಿ ಕೊಳೆತ ಮಲದಿಂದ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಇರುತ್ತವೆ. ಒಂದು ಉಸಿರಿಗೆ ಕೆಟ್ಟದ್ದು, ಇನ್ನೊಂದು ಬೆಂಕಿಗೆ ಹತ್ತಿಕೊಳ್ಳುವುದು. ಕೈಯಿಂದ ಮಲ ಎತ್ತಿಸುವುದನ್ನೂ, ರಕ್ಷಣೆ ಇಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆ. ನನ್ನ ಮಟ್ಟಿಗೆ ಗಾಡಿಯ ಟ್ಯಾಂಕಿಗೂ ಅದೇ ನಿಯಮ. ಹುಡುಗನಿಗೆ ಬಂದಿದ್ದಕ್ಕೆ ದುಡ್ಡು ಕೊಡಿಸಿ ಕಳಿಸಿದೆವು.

ಹ್ಯಾಂಡಲ್ ಏನು ಹೇಳುತ್ತದೆ

ಗೇಟ್ ವಾಲ್ವ್ ಬಹಳ ಸಾದಾ ಸಾಮಾನು. ಹೊಲದ ಕಾಲುವೆಗೆ ಹಲಗೆ ಇಳಿಸಿ ನೀರು ಕಟ್ಟುತ್ತಾರಲ್ಲ, ಅದೇ ಕೆಲಸ ಇಲ್ಲಿ ಒಂದು ತೆಳು ಪ್ಲಾಸ್ಟಿಕ್ ಬ್ಲೇಡ್ ಮಾಡುತ್ತದೆ. ಬ್ಲೇಡಿನ ಎರಡೂ ಬದಿಗೆ ಒಂದೊಂದು ರಬ್ಬರ್ ಸೀಲ್. ಹ್ಯಾಂಡಲಿಗೂ ಬ್ಲೇಡಿಗೂ ನಡುವೆ ಒಂದು ಕಂಬಿ. ಹ್ಯಾಂಡಲ್ ಜಗ್ಗಿದರೆ ಬ್ಲೇಡ್ ಸೀಲುಗಳ ನಡುವಿನಿಂದ ಹೊರಗೆ ಸರಿದು ದಾರಿ ಬಿಡುತ್ತದೆ. ಒತ್ತಿದರೆ ವಾಪಸ್ ಬಂದು, ವಾಲ್ವ್ ಬಾಡಿಯ ಆಚೆ ಬದಿಯ ಸಣ್ಣ ತೋಡಿನಲ್ಲಿ ಕೂತು ಮುಚ್ಚಿಕೊಳ್ಳುತ್ತದೆ. ತೋಡು ಅಂದರೆ ಬ್ಲೇಡಿನ ತುದಿ ಕೂರಲು ಬಿಟ್ಟ ಸಂದು. ಇಡೀ ವಾಲ್ವನ್ನು ನಾಲ್ಕು ಬೋಲ್ಟ್ ಹಿಡಿದಿರುತ್ತವೆ, ಅಷ್ಟೆ.

ಹ್ಯಾಂಡಲ್ ಬಿಗಿ ಆಗಿದೆ ಅಂದ ತಕ್ಷಣ ಎಣ್ಣೆ ಹಾಕಲು ಓಡಬಾರದು. ಬಿಗಿಯಲ್ಲೂ ಬಗೆಗಳಿವೆ. ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಬಿಗಿ ಇದ್ದರೆ ಸೀಲ್ ಒಣಗಿದೆ, ಜಿಡ್ಡು ಹೋಗಿದೆ. ಮೊದಲು ಅಂಟಿಕೊಂಡಂತಿದ್ದು, ಒಮ್ಮೆ ಬಿಟ್ಟ ಮೇಲೆ ಸಲೀಸಾಗಿ ಬಂದರೆ ಗಾಡಿ ಬಹಳ ದಿನ ನಿಂತಿತ್ತು ಅಂತ ಅರ್ಥ, ರಬ್ಬರ್ ಬ್ಲೇಡಿಗೆ ಕಚ್ಚಿಕೊಂಡಿರುತ್ತದೆ. ತೆರೆಯುವಾಗ ಚೆನ್ನಾಗಿದ್ದು, ಮುಚ್ಚುವಾಗ ಕೊನೆಯ ಅರ್ಧ ಬೆರಳು ಮಾತ್ರ ಹೋಗದಿದ್ದರೆ ತೋಡಿನಲ್ಲಿ ಕಸ ಕೂತಿದೆ. ಹ್ಯಾಂಡಲ್ ಸುಮ್ನೆ ಗಿರ್ರನೆ ತಿರುಗಿದರೆ ಕಂಬಿ ಬ್ಲೇಡಿನಿಂದಲೋ ಹ್ಯಾಂಡಲಿನಿಂದಲೋ ಬಿಚ್ಚಿಕೊಂಡಿರಬಹುದು. ಕೆಲವು ಗಾಡಿಗಳಲ್ಲಿ ಹ್ಯಾಂಡಲ್ ಒಂದು ಕಡೆ, ವಾಲ್ವ್ ಇನ್ನೊಂದು ಕಡೆ ಇದ್ದು ನಡುವೆ ಕೇಬಲ್ ಇರುತ್ತದೆ. ಅಂಥಲ್ಲಿ ಕೇಬಲ್ ಬಿಚ್ಚಿ ವಾಲ್ವನ್ನು ನೇರ ಕೈಯಿಂದ ಆಡಿಸಿ ನೋಡಬೇಕು. ವಾಲ್ವ್ ಸಲೀಸಾಗಿ ಆಡಿದರೆ ದೋಷ ಕೇಬಲಿನದು. ಈ ಒಂದು ಪರೀಕ್ಷೆ ಮಾಡದೆ ಒಳ್ಳೆ ವಾಲ್ವ್ ಬಿಚ್ಚಿ ಎಸೆದವರನ್ನು ನಾನು ನೋಡಿದ್ದೇನೆ.

ಕಾಕಾನ ಸಂಡಾಸಿನ ವಾಲ್ವಿಗೆ ಕೇಬಲ್ ಇರಲಿಲ್ಲ, ನೇರ ಕಂಬಿ. ಮೆಲ್ಲಗೆ ಜಗ್ಗಿ ನೋಡಿದೆ. ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಕಂಬಿ ಮಾತ್ರ ಹ್ಯಾಂಡಲಿನ ಹತ್ತಿರ ಸಣ್ಣಗೆ ಬಾಗಿತ್ತು. ಅಂದರೆ ಯಾರೋ ಹಿಂದೆ ಜೋರಾಗಿ ಒತ್ತಿದ್ದಾರೆ. ನೇರ ಜಗ್ಗಿದರೆ ಕಂಬಿ ಬಾಗುವುದಿಲ್ಲ, ಒತ್ತಿದರೆ ಬಾಗುತ್ತದೆ. ಮುಚ್ಚಲು ಬಾರದೆ ಒತ್ತಿದ್ದಾರೆ ಅಂತಾಯಿತು. ಹಾಗಾದರೆ ತೋಡಿನಲ್ಲಿ ಏನೋ ಇದೆ. ತುಂಬಿದ ಟ್ಯಾಂಕಿನ ಹೊರಗೆ ನಿಂತೇ ಇಷ್ಟು ಗೊತ್ತಾಯಿತು.

ಹಿಂದಿನ ಕಥೆ ಕೇಳಿದೆ. ಕಾಕು ಒಂದೊಂದಾಗಿ ಹೇಳಿದರು. ಮೇ ತಿಂಗಳಲ್ಲಿ ಮನೆಯಲ್ಲಿ ಮಗಳ ಮದುವೆ. ಬೀಗರ ಕಡೆಯವರು ಬಹಳ ಜನ ಬಂದಿದ್ದರು. ಅಂಗಳದ ಕ್ಯಾರವಾನನ್ನು ಹೆಚ್ಚಿನ ಒಂದು ಕೋಣೆಯ ಹಾಗೆ ಬಳಸಿದರು. ಪದೇ ಪದೇ ಟ್ಯಾಂಕ್ ಖಾಲಿ ಮಾಡುವುದು ಯಾಕೆ ಅಂತ ಪೈಪನ್ನು ಮನೆಯ ಚೇಂಬರಿಗೆ ಜೋಡಿಸಿ, ವಾಲ್ವ್ ತೆರೆದೇ ಬಿಟ್ಟರು. ನೋಡಲು ಜಾಣತನ. ಆದರೆ ವಾಲ್ವ್ ತೆರೆದಿದ್ದರೆ ನೀರು ಆಗಿಂದಾಗ್ಗೆ ಹರಿದು ಹೋಗುತ್ತದೆ, ಗಟ್ಟಿ ಪದಾರ್ಥ ಅಲ್ಲೇ ಉಳಿಯುತ್ತದೆ. ಸಂಡಾಸಿನ ಕೆಳಗೆ ಗುಡ್ಡೆ ಆಗುತ್ತದೆ, ಒಂದಿಷ್ಟು ವಾಲ್ವಿನ ತೋಡಿಗೆ ಬಂದು ಕೂರುತ್ತದೆ. ಮೇಲೆ ಮೇ ತಿಂಗಳ ಹುಬ್ಬಳ್ಳಿ ಬಿಸಿಲು. ಒಣಗಿ ಸಿಮೆಂಟಿನಂತೆ ಗಟ್ಟಿಯಾಯಿತು. ಬಂದವರಲ್ಲಿ ಸಣ್ಣ ಮಕ್ಕಳ ತಾಯಂದಿರಿದ್ದರು, ಮಕ್ಕಳನ್ನು ಒರೆಸುವ ಒದ್ದೆ ವೈಪ್ಸ್ ಕೂಡ ಒಳಗೆ ಹೋಗಿದ್ದವು. ಅದು ಕಾಗದದಂತೆ ಕಾಣುತ್ತದೆ, ಆದರೆ ಬಹುತೇಕ ವೈಪ್ಸಿನಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ, ನೀರಿನಲ್ಲಿ ಕರಗುವುದಿಲ್ಲ.

ನಮ್ಮ ಕಡೆ ಜನ ಟಾಯ್ಲೆಟ್ ಪೇಪರ್ ಬಳಸುವುದು ಕಡಿಮೆ, ನೀರು ಜಾಸ್ತಿ. ಟ್ಯಾಂಕ್ ಬೇಗ ತುಂಬುತ್ತದೆ ಅನ್ನುವುದು ಬಿಟ್ಟರೆ ಇದು ವಾಲ್ವಿಗೆ ಒಳ್ಳೆಯದೇ. ವಾಲ್ವ್ ಮುಚ್ಚಿಟ್ಟು ಟ್ಯಾಂಕ್ ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಲೇ ಬಿಟ್ಟರೆ ಆ ನೀರಿನ ರಭಸವೇ ತೋಡನ್ನೂ ತೊಳೆಯುತ್ತದೆ. ಮನೆಯಲ್ಲಿ ನಿಂತಾಗಲೂ ಇದೇ ನಿಯಮ ಅಂತ ಆ ಮನೆಯಲ್ಲಿ ಯಾರಿಗೂ ಯಾರೂ ಹೇಳಿರಲಿಲ್ಲ.

ಇನ್ನೆರಡು ವಿಷಯ ಹೊರಬಂದವು. ಮದುವೆ ಆದ ಮೇಲೆ ಹ್ಯಾಂಡಲ್ ಬಿಗಿ ಅನ್ನಿಸಿ ಡ್ರೈವರ್ ಕಂಬಿಗೆ ಇಂಜಿನ್ ಆಯಿಲ್ ಬಿಟ್ಟಿದ್ದ. ಅದು ಸಾಲದೆ ಸಂಡಾಸಿನಿಂದ ಕೊಬ್ಬರಿ ಎಣ್ಣೆ ಸುರಿದಿದ್ದ. ಮತ್ತು ಗಾಡಿಯ ನೀರಿನ ಟ್ಯಾಂಕಿಗೆ ಯಾವಾಗಲೂ ಬೋರ್ ನೀರು. ನಲ್ಲಿಯಲ್ಲಿ ಬರುವ ಮಲಪ್ರಭೆ ನೀರನ್ನು ಮನೆಯವರು ಕುಡಿಯಲು, ಅಡುಗೆಗೆ ಇಟ್ಟುಕೊಳ್ಳುತ್ತಾರೆ, ಅದು ಸಹಜ. ಆದರೆ ಆ ಬೋರಿನದು ಸವಳು ನೀರು. ಸವಳು ನೀರು ಮತ್ತು ಮೂತ್ರ ಸೇರಿದ ಕಡೆ ಹಳದಿ ಪದರ ಕಟ್ಟುತ್ತದೆ. ಹಳೆ ಸಂಡಾಸಿನ ಕಮೋಡಿನಲ್ಲಿ ನೋಡಿರುತ್ತೀರಿ, ಅದೇ ಪದರ ಬ್ಲೇಡಿನ ಮೇಲೂ ಕಟ್ಟುತ್ತದೆ.

ತುಂಬಿದ ಟ್ಯಾಂಕ್ ಖಾಲಿ ಮಾಡಿದ್ದು

ವಾಲ್ವ್ ಕೆಟ್ಟಿದ್ದರೆ ಕೆಳಗಿನಿಂದ ಖಾಲಿ ಮಾಡಬೇಕು ಅಂತೇನಿಲ್ಲ. ಇಂಥ ಗಾಡಿಗಳ ಸಂಡಾಸ್ ಸಾಮಾನ್ಯವಾಗಿ ನೇರ ಟ್ಯಾಂಕಿನ ಮೇಲೇ ಕೂತಿರುತ್ತದೆ. ಪೆಡಲ್ ಒತ್ತಿದರೆ ಕೆಳಗೆ ಟ್ಯಾಂಕೇ ಕಾಣುತ್ತದೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಸಕ್ಕಿಂಗ್ ಗಾಡಿ ಕರೆಸಿದೆವು. ಅವರ ದೊಡ್ಡ ಪೈಪಿಗೆ ಸಣ್ಣ ಪೈಪ್ ಜೋಡಿಸಿ ಸಂಡಾಸಿನಿಂದ ಇಳಿಸಿದರು. ಪೆಡಲನ್ನು ತೆರೆದೇ ಹಿಡಿಯಬೇಕು, ಪೈಪಿನ ಸುತ್ತ ಬಟ್ಟೆ ತುರುಕಿ ಬಿಗಿ ಮಾಡಬಾರದು. ಗಾಳಿ ಒಳಗೆ ಹೋಗಲು ದಾರಿ ಇಲ್ಲದಿದ್ದರೆ ಅಷ್ಟು ಜೋರಾದ ಸಕ್ಷನ್ ಪ್ಲಾಸ್ಟಿಕ್ ಟ್ಯಾಂಕನ್ನು ಒಳಕ್ಕೆ ಕುಗ್ಗಿಸಿಬಿಡುತ್ತದೆ. ಕಿಟಕಿ, ಬಾಗಿಲು ಎಲ್ಲ ತೆರೆದಿದ್ದೆವು. ಹತ್ತಿರ ಬೀಡಿ, ಸಿಗರೇಟ್ ಇಲ್ಲ, ಗ್ಯಾಸ್ ಒಲೆ ಬಂದ್.

ದ್ರವ ಹೋಯಿತು. ತಳದಲ್ಲಿ ಗಟ್ಟಿಯಾದದ್ದು ಉಳಿಯಿತು. ಅದಕ್ಕೆ ಬಿಸಿನೀರು, ಪಾತ್ರೆ ತೊಳೆಯುವ ಸೋಪಿನ ದ್ರವ. ಕೈ ಇಟ್ಟರೆ ತಡೆದುಕೊಳ್ಳುವಷ್ಟು ಬಿಸಿ ಸಾಕು. ಕುದಿಯುವ ನೀರು ಸುರಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಪೈಪಿನ ಜಾಯಿಂಟ್ ಬಿಡುವ ಭಯ. ಟ್ಯಾಂಕ್ ಅರ್ಧ ತುಂಬಿಸಿ, ಕಾಕಾ ಗಾಡಿಯನ್ನು ಬೈಪಾಸ್ ಕಡೆ ಒಂದು ಸುತ್ತು ಹಾಕಿ ತಂದರು. ಒಳಗೆ ನೀರು ಆಚೀಚೆ ಬಡಿದು ಗುಡ್ಡೆ ಒಡೆಯಲಿ ಅಂತ. ಆಮೇಲೆ ರಾತ್ರಿಯಿಡೀ ಹಾಗೇ ಬಿಟ್ಟೆವು.

ಇಷ್ಟೆಲ್ಲ ಯಾಕೆ, ಸಂಡಾಸ್ ತೊಳೆಯುವ ಆಸಿಡ್ ಒಂದು ಬಾಟಲಿ ಸುರಿದರೆ ಆಯ್ತಲ್ವಾ ಅಂತ ಕಾಕು ಕೇಳಿದರು. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಕಮೋಡಿನ ಪಿಂಗಾಣಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ವಾಲ್ವಿನ ಸ್ಟೀಲ್ ಕಂಬಿಯನ್ನು ತಿನ್ನುತ್ತದೆ, ಸ್ಟೇನ್‌ಲೆಸ್ ಆದರೂ ಬಿಡುವುದಿಲ್ಲ. ಇನ್ನೂ ದೊಡ್ಡ ಭಯ ಬೇರೆ ಇದೆ. ಮೊದಲೇ ಯಾರಾದರೂ ಬ್ಲೀಚಿಂಗ್ ಪುಡಿ ಹಾಕಿದ್ದರೆ ಆಸಿಡ್ ಬಿದ್ದ ಕೂಡಲೇ ಕ್ಲೋರಿನ್ ಗ್ಯಾಸ್ ಏಳುತ್ತದೆ. ಕ್ಯಾರವಾನಿನ ಸಂಡಾಸ್ ಅಂದರೆ ಒಬ್ಬರು ನಿಲ್ಲುವಷ್ಟೇ ಜಾಗ. ಅಲ್ಲಿ ಆ ಗ್ಯಾಸ್ ಎದ್ದರೆ ಪ್ರಾಣಕ್ಕೇ ಅಪಾಯ. ಈ ಮಾತನ್ನು ಕಾಕುಗೆ ಹೇಳಿದಷ್ಟೇ ಜೋರಾಗಿ ಇಲ್ಲೂ ಹೇಳುತ್ತೇನೆ.

ಬೆಳಿಗ್ಗೆ ಹೊರಗಿನ ಪೈಪನ್ನು ಚೇಂಬರಿಗೆ ಜೋಡಿಸಿದ ಮೇಲೆಯೇ ಹ್ಯಾಂಡಲ್ ಮುಟ್ಟಿದೆ. ಒಂದೇ ಸಲ ಜಗ್ಗಲಿಲ್ಲ. ಸ್ವಲ್ಪ ಜಗ್ಗುವುದು, ಸ್ವಲ್ಪ ಒತ್ತುವುದು, ಮತ್ತೆ ಜಗ್ಗುವುದು. ಕಂಬಿ ನೇರ ಸಾಲಿನಲ್ಲೇ ಇರಬೇಕು, ಮೇಲಕ್ಕೋ ಪಕ್ಕಕ್ಕೋ ಎಳೆದರೆ ಬ್ಲೇಡ್ ಓರೆಯಾಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕಟ್ ಅಂತ ಸಣ್ಣ ಸದ್ದು ಬಂತು, ಬ್ಲೇಡ್ ಒಂದು ನೂಲಿನಷ್ಟು ಸರಿಯಿತು. ಆಮೇಲೆ ನಿಧಾನಕ್ಕೆ ಪೂರ್ತಿ ಬಂತು. ಟ್ಯಾಂಕ್ ಖಾಲಿ ಆಯಿತು. ಮೇಲಿನಿಂದ ಬಕೆಟ್ ಬಕೆಟ್ ನೀರು ಹಾಕಿ, ಹೊರಬರುವ ನೀರು ತಿಳಿ ಆಗುವವರೆಗೆ ತೊಳೆದೆವು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಕಾಕಾನೂ “ಬಂತಲ್ಲ, ಸಾಕು ಬಿಡು” ಅಂದರು. ಆದರೆ ಹೀಗೆ ಬಿಟ್ಟುಕೊಂಡ ವಾಲ್ವ್ ಮತ್ತೆ ಕಚ್ಚುತ್ತದೆ. ಬಾಗಿದ ಕಂಬಿ, ಎಣ್ಣೆ ಕುಡಿದ ರಬ್ಬರ್, ಕಸ ತುಂಬಿದ ತೋಡು ಹಾಗೇ ಇವೆ. ಟ್ಯಾಂಕ್ ಖಾಲಿ ಇದೆ, ತೊಳೆದಾಗಿದೆ, ಬಿಚ್ಚಲು ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ.

ಬಿಚ್ಚಿದಾಗ ಕಂಡದ್ದು

ಉದ್ದ ಗ್ಲೌಸ್, ಕಣ್ಣಿಗೆ ಗಾಗಲ್, ಕೆಳಗೆ ಅಗಲ ಬುಟ್ಟಿ. ಸೀಲ್ ಯಾವ ಮುಖ ಎಲ್ಲಿಗೆ ಇದೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆಯಲು ಕಾಕಾಗೆ ಹೇಳಿದೆ. ನಾಲ್ಕು ಬೋಲ್ಟ್ ಬಿಚ್ಚಿ, ಎರಡು ಪೈಪುಗಳನ್ನು ವಾಲ್ವ್ ಜಾರಿ ಬರುವಷ್ಟು ಮಾತ್ರ ಅಗಲಿಸಿದೆ.

ಬ್ಲೇಡಿನ ಒಳಬದಿಯಲ್ಲಿ ಹಳದಿ ಪದರ, ಬೆರಳಾಡಿಸಿದರೆ ಪಾಲಿಶ್ ಪೇಪರಿನಷ್ಟು ಒರಟು. ಪ್ರತಿ ಸಲ ಹ್ಯಾಂಡಲ್ ಆಡಿಸಿದಾಗಲೂ ಆ ಒರಟು ಪದರ ರಬ್ಬರನ್ನು ಉಜ್ಜುತ್ತಿತ್ತು. ತೋಡಿನಲ್ಲಿ ವೈಪ್ಸಿನ ಒಂದು ಮಡಿಕೆ, ಅದರ ಸುತ್ತ ಮರಳು, ಕೂದಲು, ಒಣಗಿದ ಮಲ ಎಲ್ಲ ಸೇರಿ ಒಂದು ಬೆಣೆ. ಟೂತ್‌ಬ್ರಷ್ಷಿನ ಹಿಡಿಯಿಂದ ಒತ್ತಿದರೆ ಅಚ್ಚಿನಲ್ಲಿ ಎರಕ ಹೊಯ್ದ ತುಂಡಿನಂತೆ ಇಡಿಯಾಗಿ ಹೊರಬಂತು. ಬ್ಲೇಡ್ ಪೂರ್ತಿ ಮುಚ್ಚದಿರಲು ಇದೇ ಕಾರಣ. ಕಂಬಿ ಬಾಗಿದ್ದೂ ಇದರಿಂದಲೇ.

ಸೀಲುಗಳನ್ನು ಕೈಗೆ ತೆಗೆದುಕೊಂಡಾಗ ಇಂಜಿನ್ ಆಯಿಲಿನ ಕೆಲಸ ಕಂಡಿತು. ಕಂಬಿ ಬರುವ ಬದಿಯಲ್ಲಿ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಇನ್ನೊಂದು ಬದಿಯಲ್ಲಿ ಮೊದಲಿನಂತೆಯೇ ಇತ್ತು. ಒಂದೇ ಸೀಲಿನಲ್ಲಿ ಎರಡು ದಪ್ಪ. ಉಬ್ಬಿದ ಕಡೆ ಅದರ ತುಟಿ ಮಡಚಿ ಬ್ಲೇಡಿನ ಜೊತೆ ಒಳಗೆ ಎಳೆದುಕೊಂಡಿತ್ತು.

ನಮ್ಮ ಓಣಿಯಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಫಿಟರ್ ಒಬ್ಬರಿದ್ದಾರೆ. ರೈಲು ಬೋಗಿಗಳ ಕೆಳಗೆ ಈಗ ಡಿಆರ್‌ಡಿಒ ಜೊತೆ ಸೇರಿ ರೂಪಿಸಿದ ಬಯೋ ಟಾಯ್ಲೆಟ್ ಟ್ಯಾಂಕ್ ಇದೆಯಲ್ಲ, ಅದರಲ್ಲಿ ಬಾಲ್ ವಾಲ್ವ್ ಬರುತ್ತದೆ. ಹೊಲಸು ನೀರಿನ ಜೊತೆ ಕೆಲಸ ಮಾಡುವ ವಾಲ್ವ್ ಅವರಿಗೆ ಹೊಸದಲ್ಲ. ಸೀಲ್ ತೋರಿಸಿದೆ. ತಿರುಗಿಸಿ ನೋಡಿ, “ರಬ್ಬರ್ ಯಾವ್ದು ಅಂತ ಗೊತ್ತಿಲ್ದ ಎಣ್ಣಿ ಹಾಕಬಾರ್ದಪಾ” ಅಂದರು.

ಅದು ಪೂರಾ ನಿಜ. ನೈಟ್ರೈಲ್ ರಬ್ಬರ್ ಆದರೆ ಪೆಟ್ರೋಲಿಯಂ ಎಣ್ಣೆ ತಡೆದುಕೊಳ್ಳುತ್ತದೆ. ಇಪಿಡಿಎಂ ಅನ್ನುವ ಇನ್ನೊಂದು ಕೃತಕ ರಬ್ಬರ್ ಅಥವಾ ನೈಸರ್ಗಿಕ ರಬ್ಬರ್ ಆದರೆ ಉಬ್ಬುತ್ತದೆ. ಕಣ್ಣಿಗೆ ಎಲ್ಲವೂ ಕಪ್ಪಗೇ ಕಾಣುತ್ತವೆ. ಹಾಗಾಗಿ ಇಂಜಿನ್ ಆಯಿಲ್, ಬೇರಿಂಗಿಗೆ ಹಾಕುವ ಗ್ರೀಸ್, ವ್ಯಾಸಲಿನ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಇಲ್ಲಿ ಬೇಡ. ಕೊಬ್ಬರಿ ಎಣ್ಣೆಯೂ ಬೇಡ, ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧಾರವಾಡದ ಚಳಿಗಾಲದ ಬೆಳಿಗ್ಗೆ ಬಾಟಲಿಯಿಂದ ಎಣ್ಣೆ ಬೀಳದೆ ಬಿಸಿಲಿಗಿಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಶೇಂಗಾ, ಸೂರ್ಯಕಾಂತಿ ಎಣ್ಣೆ ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಆದರೆ ದಿನ ಕಳೆದಂತೆ ಜಿಗುಟಾಗುತ್ತವೆ. ಒಲೆಯ ಹಿಂದಿನ ಟೈಲ್ಸ್ ಮೇಲೆ ಅಂಟುವ ಜಿಡ್ಡು ಅದೇ.

ಹಾಕಬೇಕಾದದ್ದು ಸಿಲಿಕೋನ್ ಗ್ರೀಸ್. ನೀರಿನಲ್ಲಿ ಬೇಗ ತೊಳೆದು ಹೋಗುವುದಿಲ್ಲ, ಈ ರಬ್ಬರುಗಳಿಗೆ ಹಾನಿ ಇಲ್ಲ, ಪ್ಲಾಸ್ಟಿಕ್‌ಗೂ ಏನೂ ಆಗುವುದಿಲ್ಲ. ಅಂಗಡಿಗೆ ಹೋಗಿ ಬರೀ “ಸಿಲಿಕೋನ್ ಕೊಡ್ರಿ” ಅಂದರೆ ಕಿಟಕಿ, ಸಿಂಕಿನ ಅಂಚಿಗೆ ಹಚ್ಚುವ ಸಿಲಿಕೋನ್ ಸೀಲಂಟ್ ಟ್ಯೂಬ್ ಕೊಡುತ್ತಾರೆ. ಅದು ಒಣಗಿ ಅಂಟಾಗುವ ಸಾಮಾನು. ವಾಲ್ವಿಗೆ ಹಚ್ಚಿದರೆ ಬ್ಲೇಡ್ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಗ್ರೀಸ್ ಅನ್ನುವ ಪದ ಟ್ಯೂಬಿನ ಮೇಲೆ ಇದೆಯೇ ಅಂತ ಓದಿಯೇ ದುಡ್ಡು ಕೊಡಿ.

ಹೊಸ ಸೀಲುಗಳ ಜೋಡಿಯನ್ನು ಆನ್‌ಲೈನಿನಲ್ಲಿ ತರಿಸಿದೆವು. ಬರುವವರೆಗೆ ಗಾಡಿ ನಿಂತಿತು. ರಬ್ಬರ್ ಶೀಟ್ ಕತ್ತರಿಸಿ ವಾಷರ್ ಮಾಡಿಕೊಡುತ್ತೇನೆ ಅಂತ ಒಬ್ಬರು ಮುಂದೆ ಬಂದರು, ನಾನು ಬೇಡ ಅಂದೆ. ಈ ಸೀಲ್ ಚಪ್ಪಟೆ ವಾಷರ್ ಅಲ್ಲ, ಒಳಗೆ ಒಂದು ತೆಳು ತುಟಿ ಇದೆ. ಬ್ಲೇಡನ್ನು ಒರೆಸುವುದೂ, ನೀರು ತಡೆಯುವುದೂ ಆ ತುಟಿಯೇ. ಚಪ್ಪಟೆ ರಬ್ಬರ್ ಹಾಕಿದರೆ ಒಂದೋ ಸೋರುತ್ತದೆ, ಇಲ್ಲವೇ ಹ್ಯಾಂಡಲ್ ಮೊದಲಿಗಿಂತ ಬಿಗಿ ಆಗುತ್ತದೆ.

ಅಷ್ಟರಲ್ಲಿ ಬ್ಲೇಡಿನ ಪದರ ತೆಗೆದೆ. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ, ಅದರಲ್ಲಿ ಬ್ಲೇಡ್ ಮುಳುಗಿಸಿಟ್ಟೆ. ಸಣ್ಣ ಸಣ್ಣ ಗುಳ್ಳೆ ಎದ್ದು ಪದರ ಮೆತ್ತಗಾಯಿತು, ಹಳೆ ಟೂತ್‌ಬ್ರಷ್ಷಿಗೆ ಬಂತು. ಚಾಕು, ಪಾಲಿಶ್ ಪೇಪರ್ ತಾಗಿಸಲಿಲ್ಲ. ಬ್ಲೇಡಿನ ಮೇಲೆ ಬೀಳುವ ಒಂದೊಂದು ಗೀರೂ ಮುಂದೆ ಸೋರುವ ದಾರಿ. ಕಂಬಿಯನ್ನು ಬಡಿದು ನೇರ ಮಾಡುವ ಯೋಚನೆ ಬಂತು. ಆದರೆ ಅದರ ಮೇಲೆ ಚುಕ್ಕಿ ಚುಕ್ಕಿ ತಿಂದ ಗುರುತುಗಳೂ ಇದ್ದವು. ಅಷ್ಟೇ ಅಳತೆಯ ಹೊಸ ಸ್ಟೇನ್‌ಲೆಸ್ ಕಂಬಿಗೆ ಥ್ರೆಡ್ (ತಿರುಪಿನ ಗೆರೆ) ಹೊಡೆಸಿ ಹಾಕಿದೆ. ಹುಬ್ಬಳ್ಳಿಯಲ್ಲಿ ಲೇತ್‌ಗೆ ಬರವಿಲ್ಲ.

ಕೂಡಿಸುವಾಗ ಆತುರ ಮಾಡಬಾರದ ಕಡೆ ಒಂದೇ. ಸೀಲ್ ಪೈಪಿನ ಅಂಚಿನಲ್ಲಿ ಕೂರಿಸಿ, ವಾಲ್ವನ್ನು ನಡುವೆ ಜಾರಿಸುವಾಗ ಸೀಲ್ ಹೊರಳಿಕೊಳ್ಳುತ್ತದೆ. ಹೊರಳಿದ್ದು ಹೊರಗಿನಿಂದ ಕಾಣುವುದಿಲ್ಲ. ಬೆರಳಿಗೆ ಗ್ರೀಸ್ ಹಚ್ಚಿಕೊಂಡು ಸುತ್ತಲೂ ಮುಟ್ಟಿ ನೋಡಬೇಕು, ಒಂದು ಕಡೆ ಉಬ್ಬು ಸಿಕ್ಕರೂ ಮತ್ತೆ ಬಿಚ್ಚಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರೆ ಹೊಸ ಸೀಲಿಗೆ ಅಲ್ಲೇ ಗಾಯ. ಬೋಲ್ಟುಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ, ಪಾನಾ ಕೈಗೆ ಎದುರು ಕೊಡಲು ಶುರು ಮಾಡಿದಲ್ಲಿ ನಿಲ್ಲಿಸಿದೆ. ಬೋಲ್ಟ್ ಬಹಳ ಬಿಗಿ ಮಾಡಿದರೆ ಪ್ಲಾಸ್ಟಿಕ್ ಬಾಡಿ ಒತ್ತಿಕೊಂಡು ಬ್ಲೇಡನ್ನೇ ಹಿಡಿಯುತ್ತದೆ. ಎಷ್ಟೋ ಹೊಸ ವಾಲ್ವ್‌ಗಳು ಮೊದಲ ದಿನದಿಂದಲೇ ಬಿಗಿ ಇರಲು ಇದೇ ಕಾರಣ, ಮತ್ತು ಮಾಲೀಕರು ಅದನ್ನು ಕಂಪನಿಯ ದೋಷ ಅಂತ ತಿಳಿಯುತ್ತಾರೆ. ನನ್ನ ಅಳತೆ ಇದು: ಎರಡು ಬೆರಳಿನಲ್ಲಿ ಹ್ಯಾಂಡಲ್ ಬರಬೇಕು.

ಟ್ಯಾಂಕಿಗೆ ಬರೀ ನೀರು ತುಂಬಿಸಿ, ಹೊರಗಿನ ಮುಚ್ಚಳ ತೆಗೆದು, ಕೆಳಗೆ ಒಣ ಪೇಪರ್ ಹಾಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಪೇಪರ್ ಒಣಗೇ ಇತ್ತು.

ನಂತರ ಮನೆಯವರು ಮಾಡುತ್ತಿರುವುದು

ಪ್ರತಿ ಸಲ ಟ್ಯಾಂಕ್ ಖಾಲಿ ಮಾಡಿ ತೊಳೆದ ಮೇಲೆ ಕಾಕಾ ವಾಲ್ವನ್ನು ನಾಲ್ಕಾರು ಸಲ ತೆರೆದು ಮುಚ್ಚುತ್ತಾರೆ. ಮೊದಲು ಸಂಡಾಸಿನದು ಬಿಡುವುದು, ಆಮೇಲೆ ಬಚ್ಚಲಿನದು. ಬಚ್ಚಲಿನ ಸೋಪಿನ ನೀರು ಹೊರಗಿನ ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕಂಬಿಯನ್ನು ಹೊರಗೆ ಜಗ್ಗಿಟ್ಟು, ಒರೆಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚುತ್ತಾರೆ. ಗ್ರೀಸ್ ಎಣ್ಣೆಯಂತೆ ಒಳಗೆ ಹರಿಯುವುದಿಲ್ಲ, ಕಂಬಿಯ ಸುತ್ತಲಿನ ರಬ್ಬರ್ ಬಳೆ, ಅಂದರೆ ಓರಿಂಗ್‌ವರೆಗೆ ಮಾತ್ರ ಹೋಗುತ್ತದೆ, ಬ್ಲೇಡಿನ ಮುಖಕ್ಕೆ ಮುಟ್ಟುವುದಿಲ್ಲ. ಬ್ಲೇಡಿಗೆ ಬೇಕಾದರೆ ಸಂಡಾಸಿನಿಂದ ಸುರಿಯುವ ವಾಲ್ವ್ ಲೂಬ್ರಿಕೆಂಟ್ ಸಿಗುತ್ತದೆ. ಸುಮ್ನೆ ಸುರಿದರೆ ಸಾಲದು. ಟ್ಯಾಂಕ್ ಖಾಲಿ ಇದ್ದು, ದ್ರವ ವಾಲ್ವಿನ ಹತ್ತಿರ ನಿಂತಾಗ ಹ್ಯಾಂಡಲ್ ಆಡಿಸಿದರೆ ಮಾತ್ರ ಅದು ಸೀಲಿಗೆ ಹರಡುತ್ತದೆ. ಅದು ಒಳ್ಳೆ ವಾಲ್ವನ್ನು ಒಳ್ಳೆಯದಾಗಿ ಇಡುತ್ತದೆ. ಕಚ್ಚಿಕೊಂಡದ್ದನ್ನು ಬಿಡಿಸುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಬೇಸಿಗೆಯಲ್ಲಿ ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕ್ ತೊಳೆದು, ವಾಲ್ವ್ ಮುಚ್ಚಿ, ನಾಲ್ಕೈದು ಲೀಟರ್ ಶುದ್ಧ ನೀರು ಒಳಗೆ ಬಿಡಲು ಹೇಳಿದ್ದೇನೆ. ಏಪ್ರಿಲ್, ಮೇನಲ್ಲಿ ಇಲ್ಲಿ 37 ಡಿಗ್ರಿ ದಾಟುವ ದಿನಗಳಿವೆ, ಮೇಲಿನ ಗಾಳಿ ಪೈಪಿನಿಂದ ಆ ನೀರೂ ಆರುತ್ತದೆ. ಆಗಾಗ ಒಂದು ತಂಬಿಗೆ ಹಾಕಿದರೆ ಸೀಲ್ ಹಸಿಯಾಗಿರುತ್ತದೆ. ಆ ನೀರು ಮತ್ತು ಫ್ಲಶ್ ನೀರು ಬೋರಿನದಲ್ಲದಿದ್ದರೆ ಇನ್ನೂ ಒಳ್ಳೆಯದು. ಕಾಕು ಈಗ ಮನೆಯ ಛಾವಣಿಯ ಮಳೆನೀರು ಹಿಡಿದು ಗಾಡಿಗೆ ಬಳಸುತ್ತಿದ್ದಾರೆ, ಆ ಉಪಾಯ ಅವರದೇ.

ಪ್ರವಾಸದಲ್ಲಿ ಖಾಲಿ ಮಾಡುವ ಜಾಗದ ಬಗ್ಗೆ ಗಟ್ಟಿಯಾಗಿ ಹೇಳಿದ್ದೇನೆ. ಘಟ್ಟದ ತಿರುವಿನಲ್ಲಾಗಲಿ, ಹಳ್ಳಕ್ಕಾಗಲಿ, ಕೆರೆ ಅಂಚಿನಲ್ಲಾಗಲಿ ಬಿಡುವಂತಿಲ್ಲ. ಉಳಿದುಕೊಂಡ ಲಾಡ್ಜು, ಹೋಂಸ್ಟೇಯವರ ಸೆಪ್ಟಿಕ್ ಚೇಂಬರಿಗೆ ಕೇಳಿ ಬಿಡುವುದು, ಒಪ್ಪದಿದ್ದರೆ ಮನೆಗೆ ತಂದೇ ಬಿಡುವುದು. ಮಳೆನೀರಿನ ಗಟಾರಕ್ಕೆ ಬಿಟ್ಟರೆ ಅದು ಒಂದಲ್ಲ ಒಂದು ಕೆರೆಗೆ ಹೋಗಿ ಸೇರುತ್ತದೆ. ಹೊರಗಿನ ಪೈಪಿನ ತುದಿಗೆ ತಿರುಗಿಸಿ ಹಾಕುವ ಇನ್ನೊಂದು ವಾಲ್ವನ್ನೂ ಕೂರಿಸಿದ್ದೇನೆ. ಒಳಗಿನದು ಎಂದಾದರೂ ಪೂರ್ತಿ ಮುಚ್ಚದೆ ಹೋದರೆ ಮುಚ್ಚಳ ತೆಗೆದವರ ಕೈಮೇಲೆ ಹೊಲಸು ಬೀಳದಿರಲಿ ಅಂತ.

ದೀಪಾವಳಿ ಆದ ಮೇಲೆ ಗದಗ, ಲಕ್ಕುಂಡಿ ನೋಡಿಕೊಂಡು ಹಂಪಿಗೆ ಹೋಗಿ ಬಂದರು. ಸಂಡಾಸಿನ ಹ್ಯಾಂಡಲ್ ಎರಡು ಬೆರಳಿಗೆ ಬರುತ್ತಿದೆ. ಬಚ್ಚಲಿನದು ಸ್ವಲ್ಪ ಬಿಗಿ ಅಂದರು. ಅದಕ್ಕೆ ಕೇಬಲ್ ಇದೆ. ಬಿಚ್ಚಿ ವಾಲ್ವನ್ನು ಕೈಯಿಂದ ಆಡಿಸಿ ನೋಡಿದೆ, ಸಲೀಸು. ಕೇಬಲ್ ಹಿಂದಿನ ಚಕ್ರದ ಹತ್ತಿರ ಜಾಸ್ತಿ ಬಾಗಿದೆ, ಒಳಗೆ ಧೂಳು ಸೇರಿದೆ. ಸದ್ಯ ಬಾಗು ಸಡಿಲ ಮಾಡಿ ಕ್ಲಿಪ್ ಹಾಕಿ ಕಳಿಸಿದ್ದೇನೆ. ಹೊಸ ಕೇಬಲ್ ಬಂದ ಮೇಲೆ ಗಾಡಿ ಮತ್ತೆ ಬರುತ್ತದೆ. ಟ್ಯಾಂಕ್ ಖಾಲಿ ಮಾಡಿ ತೊಳೆದೇ ತರುತ್ತೇನೆ ಅಂತ ಕಾಕಾ ಈಗಲೇ ಹೇಳಿದ್ದಾರೆ.